ಬ್ಯಾಂಡ್ ಒಡೆಯುತ್ತೆ, ಮೇಳ ತಿರುಗುತ್ತೆ: ಯಾಕೆ?

ಈ ಸಲದ ಅಧ್ಯಯನ ಲೇಖನಕ್ಕೆ ನಾವು ಹಿಡಿದಿರೋ ಪ್ರಶ್ನೆ ಚಿಕ್ಕದು. ಹಾಡಿ ಕುಣಿಯೋ ಒಂದು ಗುಂಪು ಎಷ್ಟು ವರ್ಷ ಬದುಕುತ್ತೆ? ಅದರಿಂದ ಒಬ್ಬ ಎದ್ದು ಹೋದರೆ ಏನಾಗುತ್ತೆ?

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಕ್ಲಬ್ಬಿನಲ್ಲೇ. ನಮ್ಮ ಹಾಡಿನ ತಂಡ ನಿಮಗೆಲ್ಲ ಗೊತ್ತು. ರಾಜ್ಯೋತ್ಸವ, ಕಾಲೇಜ್ ಡೇ, ಫ್ರೆಷರ್ಸ್ ಡೇ ಎಲ್ಲದಕ್ಕೂ ಅವರೇ. ಈ ವರ್ಷ ಮುಖ್ಯ ಗಾಯಕ, ಕೀಬೋರ್ಡ್‌ನವರು, ತಬಲದವರು ಮೂವರೂ ಫೈನಲ್ ಇಯರ್. ಜೂನ್ ಬಂದರೆ ಒಬ್ಬರೂ ಇರಲ್ಲ. "ಹಾಗಾದ್ರೆ ತಂಡ ಮುಚ್ಚಿಬಿಡೋಣ, ಮುಂದಿನವರು ಬೇಕಾದ್ರೆ ಹೊಸದು ಕಟ್ಕೊಳ್ಳಲಿ" ಅನ್ನೋ ಮಾತು ಹೋದ ಮೀಟಿಂಗ್‌ನಲ್ಲಿ ಬಂತು. ಮುಚ್ಚೋದಕ್ಕೆ ಮುಂಚೆ ಸ್ವಲ್ಪ ಓದಿ ನೋಡೋಣ ಅಂತ ನಾವು ಕೂತೆವು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯಿಂದ ಬಂದ ನಾವು ಎರಡು ತರದ ಗುಂಪುಗಳನ್ನ ನೋಡುತ್ತಾ ಬೆಳೆದವರು. ಇಂಗ್ಲಿಷ್ ಮೀಡಿಯಂ ಶಾಲೆಯ ಸ್ನೇಹಿತರ ಫೋನಿನಲ್ಲಿ ಒನ್ ಡೈರೆಕ್ಷನ್. ಮನೆ ಹತ್ತಿರದ ಗದ್ದೆ ಬಯಲಲ್ಲಿ ಯಕ್ಷಗಾನದ ಆಟ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಹುದು ಅಂತ ಯಾರೂ ನಮಗೆ ಹೇಳಿರಲಿಲ್ಲ. ಆದರೆ ಹೋಲಿಸಿದರೆ ಕಲಿಯೋದು ತುಂಬಾ ಇದೆ.

ಉದಾಹರಣೆ 1: ಐದು ಹುಡುಗರು, ಐದು ಆಲ್ಬಂ

2010ರಲ್ಲಿ ಬ್ರಿಟನ್ನಿನ 'ಎಕ್ಸ್ ಫ್ಯಾಕ್ಟರ್' ಅನ್ನೋ ಟಿವಿ ಸ್ಪರ್ಧೆಗೆ ಐದು ಹುಡುಗರು ಬೇರೆ ಬೇರೆಯಾಗಿ ಬಂದಿದ್ದರು. ಹ್ಯಾರಿ ಸ್ಟೈಲ್ಸ್, ಲಿಯಾಮ್ ಪೇನ್, ಲೂಯಿ ಟಾಮ್ಲಿನ್ಸನ್, ಜೇನ್ ಮಲಿಕ್ ಇಂಗ್ಲೆಂಡಿನವರು. ನಿಯಾಲ್ ಹೊರಾನ್ ಐರ್ಲೆಂಡಿನವನು. ಎಲ್ಲರ ವಯಸ್ಸು 16ರಿಂದ 18ರ ಒಳಗೆ, ಅಂದರೆ ನಾವು ಪಿಯುಸಿಯಲ್ಲಿ ಇದ್ದಷ್ಟು. ಒಬ್ಬೊಬ್ಬರೇ ಮುಂದಕ್ಕೆ ಹೋಗೋದು ಕಷ್ಟ ಅಂತ ತೀರ್ಪುಗಾರರು ಐವರನ್ನೂ ಸೇರಿಸಿ ಒಂದು ಗುಂಪು ಮಾಡಿದರು. ಸ್ಪರ್ಧೆಯಲ್ಲಿ ಬಂದಿದ್ದು ಮೂರನೇ ಸ್ಥಾನ. ಸೈಮನ್ ಕೋವೆಲ್ ಅವರ ಕಂಪನಿ ಆಮೇಲೆ ಕರಾರು ಮಾಡಿಕೊಂಡಿತು.

ಮುಂದಿನದು ವೇಗ. 2011, 2012, 2013, 2014, 2015: ವರ್ಷಕ್ಕೊಂದು ಆಲ್ಬಂ, ಮೊದಲ ನಾಲ್ಕು ಆಲ್ಬಂಗಳ ಹಿಂದೆ ದೇಶ ದೇಶ ಸುತ್ತುವ ಟೂರ್. ಮೊದಲ ನಾಲ್ಕು ಆಲ್ಬಂಗಳೂ ಅಮೆರಿಕದ ಪಟ್ಟಿಯಲ್ಲಿ ನೇರವಾಗಿ ಒಂದನೇ ಸ್ಥಾನಕ್ಕೇ ಬಂದು ಕೂತವು. ಅದಕ್ಕಿಂತ ಮೊದಲು ಯಾವ ಗುಂಪಿಗೂ ಹಾಗಾಗಿರಲಿಲ್ಲ.

2015ರ ಮಾರ್ಚ್ 25ರಂದು, ಟೂರ್ ನಡೆಯುತ್ತಿರುವಾಗಲೇ, ಜೇನ್ ಬಿಟ್ಟು ಹೋದ. 22 ವರ್ಷದ ಒಬ್ಬ ಸಾಮಾನ್ಯ ಹುಡುಗನ ಹಾಗೆ ಬದುಕಬೇಕು ಅನ್ನೋದು ಅವನು ಕೊಟ್ಟ ಕಾರಣ. ಉಳಿದ ನಾಲ್ವರು ಇನ್ನೊಂದು ಆಲ್ಬಂ ಮುಗಿಸಿದರು. 2016ರ ಶುರುವಿನಿಂದ "ವಿರಾಮ". ಆ ವಿರಾಮ ಇವತ್ತಿಗೂ ಮುಗಿದಿಲ್ಲ.

ಐವರೂ ಒಂಟಿಯಾಗಿ ಹಾಡಿದರು. ಹ್ಯಾರಿಯ 'ಹ್ಯಾರೀಸ್ ಹೌಸ್' ಆಲ್ಬಂಗೆ 2023ರಲ್ಲಿ ಗ್ರ್ಯಾಮಿಯ ವರ್ಷದ ಆಲ್ಬಂ ಪ್ರಶಸ್ತಿ ಸಿಕ್ಕಿತು. ಲಿಯಾಮ್ 2024ರ ಅಕ್ಟೋಬರ್ 16ರಂದು ಅರ್ಜೆಂಟೀನಾದ ಬ್ಯುನೋಸ್ ಐರಿಸ್‌ನಲ್ಲಿ ತೀರಿಕೊಂಡ. ವಯಸ್ಸು 31. ಅವನ ಅಂತ್ಯಕ್ರಿಯೆಗೆ ಉಳಿದ ನಾಲ್ವರೂ ಬಂದಿದ್ದರು.

ಇದು ಒಂದೇ ಗುಂಪಿನ ಕಥೆಯಾ ಅಂತ ನೋಡೋಕೆ ಇನ್ನೂ ಹಿಂದೆ ಹೋದೆವು. 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನೈಜೆಲ್ ಮಾರ್ಟಿನ್ ಸ್ಮಿತ್ ಅನ್ನೋ ಮ್ಯಾನೇಜರ್ ಐದು ಹುಡುಗರನ್ನ ಆರಿಸಿ 'ಟೇಕ್ ದ್ಯಾಟ್' ಕಟ್ಟಿದರು. 1995ರಲ್ಲಿ ರಾಬಿ ವಿಲಿಯಮ್ಸ್ ಹೊರಗೆ ಬಂದ. 1996ರ ಫೆಬ್ರವರಿಯಲ್ಲಿ ಉಳಿದವರು ಗುಂಪು ಮುಗಿಯಿತು ಅಂತ ಘೋಷಿಸಿದರು. ಅಭಿಮಾನಿಗಳ ದುಃಖ ಎಷ್ಟಿತ್ತು ಅಂದರೆ ಅವರಿಗೆ ಸಮಾಧಾನ ಹೇಳೋದಕ್ಕೇ ಫೋನ್ ಸಹಾಯವಾಣಿ ತೆರೆಯಬೇಕಾಯಿತು. ಹತ್ತು ವರ್ಷ ಬಿಟ್ಟು 2006ರಲ್ಲಿ ನಾಲ್ವರು ಮತ್ತೆ ಸೇರಿದರು, 2010ರಲ್ಲಿ ರಾಬಿಯೂ ಬಂದ, ಆಮೇಲೆ ಮತ್ತೆ ದೂರವಾದ. 2014ರಲ್ಲಿ ಜೇಸನ್ ಆರೆಂಜ್ ಬಿಟ್ಟ. ಈಗ ಮೂವರು ಆ ಹೆಸರಲ್ಲಿ ಹಾಡುತ್ತಿದ್ದಾರೆ. ಇಲ್ಲಿ ಗಮನಿಸಬೇಕಾದ್ದು ಒಂದು: ಹೋದವರ ಜಾಗಕ್ಕೆ ಯಾರನ್ನೂ ತಂದಿಲ್ಲ. ಐದು ಖುರ್ಚಿ ಮೂರಾಯಿತು, ಅಷ್ಟೇ.

ಜಾಗ ತುಂಬಿದರೆ? ಅದೂ ಅಲ್ಲಿ ಆಗಿದೆ. 'ಶುಗಾಬೇಬ್ಸ್' ಅನ್ನೋ ಬ್ರಿಟನ್ನಿನ ಹುಡುಗಿಯರ ಗುಂಪಿನಲ್ಲಿ ಒಬ್ಬೊಬ್ಬರೇ ಹೋಗಿ, ಒಬ್ಬೊಬ್ಬರೇ ಹೊಸಬರು ಬಂದು, 2009ರ ಹೊತ್ತಿಗೆ ಶುರು ಮಾಡಿದ ಮೂವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಹಳೆಯ ಮೂವರು ಮತ್ತೆ ಒಟ್ಟಾದಾಗ ತಮ್ಮದೇ ಹೆಸರು ಬಳಸೋಕಾಗದೆ ಬೇರೆ ಹೆಸರಲ್ಲಿ ಹಾಡಬೇಕಾಯಿತು. ಹೆಸರು ಒಂದು ಕಡೆ, ಜನ ಪ್ರೀತಿಸಿದ ದನಿಗಳು ಇನ್ನೊಂದು ಕಡೆ.

ಉದಾಹರಣೆ 2: ಘಟ್ಟ ಹತ್ತಿ ಬರುವ ಮೇಳ

ಈಗ ನಮ್ಮ ಕಡೆಗೆ ಬನ್ನಿ. ಮಳೆ ಮುಗಿದು, ದೀಪಾವಳಿ ಕಳೆದು, ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಕರಾವಳಿಯ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮೇ ಕೊನೆಯವರೆಗೂ ಹೆಚ್ಚುಕಮ್ಮಿ ದಿನಾ ಒಂದೂರು. ಘಟ್ಟ ಹತ್ತಿ ಮೇಲೆ ಬಂದರೆ ಶೃಂಗೇರಿ, ಕೊಪ್ಪ, ಜಯಪುರ, ಬಾಳೆಹೊನ್ನೂರು, ಎನ್.ಆರ್.ಪುರ. ನಮ್ಮಲ್ಲಿ ನಡೆಯೋದು ಹೆಚ್ಚಾಗಿ ಬಡಗುತಿಟ್ಟು.

ಮೇಳಗಳಲ್ಲಿ ಎರಡು ಬಗೆ. ಮಂದಾರ್ತಿ ಮೇಳದ ತರದ್ದು ಹರಕೆ ಮೇಳ. ಮಂದಾರ್ತಿ ದುರ್ಗಾಪರಮೇಶ್ವರಿ ಕ್ಷೇತ್ರದ ಹೆಸರಲ್ಲಿ ಐದು ಮೇಳ ಹೊರಡುತ್ತವೆ. ಮಲೆನಾಡಿನ ಮನೆಗಳಲ್ಲಿ "ಮಂದಾರ್ತಿ ಆಟ ಆಡಿಸ್ತೇವೆ" ಅಂತ ಹರಕೆ ಹೊತ್ತವರು ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಆಟ ಆಡಿಸುವವರು ಖರ್ಚು ಹಾಕುತ್ತಾರೆ, ನೋಡೋಕೆ ಬಂದವರಿಗೆ ಟಿಕೆಟ್ ಇಲ್ಲ. ಇನ್ನೊಂದು ಬಗೆ ಡೇರೆ ಮೇಳ: ಸಾಲಿಗ್ರಾಮ ಮೇಳ, ಪೆರ್ಡೂರು ಮೇಳ. ಇವರು ಟಿಕೆಟ್ ಇಟ್ಟು ಆಡಿದವರು. ಹಾಗಾಗಿ ಇಲ್ಲಿ 'ಸ್ಟಾರ್' ಬೇಕು, ಹೊಸ ಪ್ರಸಂಗ ಬೇಕು, ಪೋಸ್ಟರಿನಲ್ಲಿ ದೊಡ್ಡ ಹೆಸರು ಬೇಕು. ಪಾಪ್ ಬ್ಯಾಂಡಿಗೆ ತೀರಾ ಹತ್ತಿರದ್ದು ಇದೇ. ಗುಂಪಿನಲ್ಲಿ ಎಲ್ಲರೂ ಗಂಡಸರು, ಸ್ತ್ರೀವೇಷವನ್ನೂ ಅವರೇ ಕಟ್ಟುವುದು. ಈಗ ಮಹಿಳಾ ತಂಡಗಳೂ ಇವೆ. ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ವೃತ್ತಿ ಮೇಳದಲ್ಲೇ ಭಾಗವತಿಕೆ ಮಾಡಿದರು. ಆದರೆ ಡೇರೆ ಮೇಳ ಅಂದರೆ ಬಹುಕಾಲ ಗಂಡಸರ ಲೋಕ.

ಈ ಲೋಕದ ಅತಿ ದೊಡ್ಡ ಪಾಪ್ ಸ್ಟಾರ್ ಯಾರು ಅಂತ ನಮ್ಮ ಅಪ್ಪ, ಚಿಕ್ಕಪ್ಪಂದಿರನ್ನ ಕೇಳಿದರೆ ಉತ್ತರ ಒಂದೇ: ಗುಂಡ್ಮಿ ಕಾಳಿಂಗ ನಾವಡರು. 1958ರಲ್ಲಿ ಹುಟ್ಟಿದವರು. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಗುರು ನಾರ್ಣಪ್ಪ ಉಪ್ಪೂರರು. ನಾವಡರು ಸಾಲಿಗ್ರಾಮ ಮೇಳದ ಪ್ರಧಾನ ಭಾಗವತರಾದ ಮೇಲೆ ಜನ ವೇಷ ನೋಡೋದಕ್ಕೆ ಎಷ್ಟು ಬರುತ್ತಿದ್ದರೋ ಪದ ಕೇಳೋದಕ್ಕೂ ಅಷ್ಟೇ ಬರುತ್ತಿದ್ದರು. ಹೊಸ ರಾಗಗಳನ್ನ ತಂದರು, 'ನಾಗಶ್ರೀ', 'ಚೆಲುವೆ ಚಿತ್ರಾವತಿ' ತರದ ಹೊಸ ಪ್ರಸಂಗ ತಾವೇ ಬರೆದರು. ಇದು ಸಂಪ್ರದಾಯ ಅಲ್ಲ ಅಂತ ಮುಖ ಸಿಂಡರಿಸಿದವರೂ ಇದ್ದರು. ಕ್ಯಾಸೆಟ್‌ಗಳು ಮನೆ ಮನೆಗೆ ಹೋದವು.

1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ನಾವಡರು ತೀರಿಕೊಂಡರು. ಇನ್ನೂ 32 ತುಂಬಿರಲಿಲ್ಲ. ಹೆಚ್ಚುಕಮ್ಮಿ ಲಿಯಾಮ್ ಪೇನ್ ವಯಸ್ಸೇ.

ಇಲ್ಲೇ ನಮ್ಮ ಪ್ರಶ್ನೆ ಬರೋದು. ಒಂದು ಗುಂಪಿನ ಕಣ್ಣು, ಕಿವಿ, ದನಿ ಎಲ್ಲ ಆಗಿದ್ದ ಒಬ್ಬರು ಇದ್ದಕ್ಕಿದ್ದಂತೆ ಇಲ್ಲ. ಬ್ರಿಟನ್ನಿನ ಲೆಕ್ಕದಲ್ಲಿ ಆ ಗುಂಪು ಅಲ್ಲಿಗೇ ಮುಗಿಯಬೇಕಿತ್ತು. ಸಾಲಿಗ್ರಾಮ ಮೇಳ ಮುಂದಿನ ತಿರುಗಾಟಕ್ಕೂ ಹೊರಟಿತು, ಇವತ್ತಿಗೂ ಹೊರಡುತ್ತಿದೆ. ನಾವಡರನ್ನ ಯಾರೂ ಮರೆತಿಲ್ಲ. ಮೇಳವೂ ನಿಂತಿಲ್ಲ. ಎರಡೂ ಒಟ್ಟಿಗೆ ಹೇಗೆ ಸಾಧ್ಯವಾಯಿತು?

ಲೆಕ್ಕ ಹಾಕೋಣ

ನಾವು ಎಂಜಿನಿಯರಿಂಗ್‌ನವರು, ಒಂದು ಸಣ್ಣ ಲೆಕ್ಕ ಇಲ್ಲದಿದ್ದರೆ ಹೇಗೆ ಮಾರಾಯ್ರೆ. ಐದು ಜನರ ಗುಂಪು. ಒಬ್ಬ ಸದಸ್ಯ ಒಂದು ವರ್ಷ ಗುಂಪಿನಲ್ಲಿ ಉಳಿಯುವ ಸಾಧ್ಯತೆ 0.9 ಅಂತ ಇಟ್ಟುಕೊಳ್ಳಿ. ಈ ಸಂಖ್ಯೆ ನಮ್ಮ ಊಹೆ, ಲೆಕ್ಕ ತೋರಿಸೋಕೆ ಮಾತ್ರ. ಹತ್ತರಲ್ಲಿ ಒಂಬತ್ತು ಪಾಲು ಅಂದರೆ ಒಳ್ಳೆಯ ಭರವಸೆಯೇ.

ಐವರಲ್ಲಿ ಒಬ್ಬ ಹೋದರೂ ಗುಂಪು ಮುಗಿಯಿತು ಅನ್ನೋದು ನಿಯಮವಾದರೆ, ಐದು ವರ್ಷ ಐವರೂ ಉಳಿಯಬೇಕು. ಅಂದರೆ 0.9ನ್ನು 25 ಸಲ ಗುಣಿಸಬೇಕು. ಉತ್ತರ ಸುಮಾರು 0.07. ನೂರು ಗುಂಪಿನಲ್ಲಿ ಏಳು ಮಾತ್ರ ಉಳಿಯುತ್ತವೆ. ಇದು ಸೀರೀಸ್ ಸರ್ಕ್ಯೂಟ್: ಒಂದು ಬಲ್ಬ್ ಹೋದರೆ ಇಡೀ ಸಾಲು ಕತ್ತಲೆ. ಒನ್ ಡೈರೆಕ್ಷನ್ ಐದು ವರ್ಷ ಓಡಿದ್ದೇ ಹೆಚ್ಚು ಅನಿಸುತ್ತೆ.

ಈಗ ಪ್ರತಿ ಸ್ಥಾನಕ್ಕೂ ಇಬ್ಬರು ತಯಾರಿದ್ದಾರೆ, ಬಿಟ್ಟುಹೋದ ಜಾಗವನ್ನ ಪ್ರತಿ ವರ್ಷ ತುಂಬುತ್ತಾರೆ ಅಂದುಕೊಳ್ಳಿ. ಒಂದು ಸ್ಥಾನ ಪೂರ್ತಿ ಖಾಲಿಯಾಗಬೇಕಾದರೆ ಒಂದೇ ವರ್ಷ ಇಬ್ಬರೂ ಹೋಗಬೇಕು, ಅದರ ಸಾಧ್ಯತೆ 0.01. ಉಳಿಯುವುದು 0.99. ಅದನ್ನ 25 ಸಲ ಗುಣಿಸಿದರೆ ಸುಮಾರು 0.78. ಏಳರಿಂದ ಎಪ್ಪತ್ತೆಂಟಕ್ಕೆ! ಯಾರೂ ಹೆಚ್ಚು ನಿಷ್ಠಾವಂತರಾಗಲಿಲ್ಲ. ಜೋಡಣೆ ಬದಲಾಯಿತು, ಅಷ್ಟೇ.

ಮೇಳ ಈ ಜೋಡಣೆಯನ್ನ ಹೇಗೆ ಮಾಡಿಕೊಂಡಿದೆ?

ಒಂದನೆಯದು, ಸ್ಥಾನ ಮೊದಲು, ಆಳು ಆಮೇಲೆ. ಮೇಳದಲ್ಲಿ ಭಾಗವತ, ಮದ್ದಳೆ, ಚಂಡೆ, ಎರಡನೇ ವೇಷ, ಪುರುಷವೇಷ, ಸ್ತ್ರೀವೇಷ, ಹಾಸ್ಯ ಅಂತ ಸ್ಥಾನಗಳಿವೆ. ಒಬ್ಬರು ಹೋದರೆ ಆ ಸ್ಥಾನಕ್ಕೆ ಇನ್ನೊಬ್ಬರನ್ನ ಹುಡುಕುತ್ತಾರೆ. ಕಲಾವಿದರು ವರ್ಷಕ್ಕೊಮ್ಮೆ ಯಜಮಾನರ ಜೊತೆ ಮಾತು ಮಾಡಿಕೊಳ್ಳುತ್ತಾರೆ, ಮಳೆಗಾಲದಲ್ಲಿ ಮೇಳ ಬದಲಾಯಿಸುತ್ತಾರೆ. "ಈ ವರ್ಷ ಯಾರು ಯಾವ ಮೇಳಕ್ಕಂತೆ?" ಅನ್ನೋದು ನಮ್ಮೂರಿನ ಹೋಟೆಲುಗಳಲ್ಲಿ ಐಪಿಎಲ್ ಹರಾಜಿನಷ್ಟೇ ಬಿಸಿ ಸುದ್ದಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹಲವು ಮೇಳ ತಿರುಗಿದವರು. 2012ರಲ್ಲಿ ಪದ್ಮಶ್ರೀ ಪಡೆದರು, 2017ರಲ್ಲಿ ತೀರಿಕೊಂಡರು. ಮೇಳ ಬಿಟ್ಟರು ಅಂತ ಅವರನ್ನ ಯಾರೂ ದ್ರೋಹಿ ಅನ್ನಲಿಲ್ಲ. ಜೇನ್ ಮಲಿಕ್‌ಗೆ ಸಿಕ್ಕದ ಭಾಗ್ಯ ಅದು.

ಎರಡನೆಯದು, ಕಲಿಕೆ ರಂಗಸ್ಥಳದಲ್ಲೇ ನಡೆಯುತ್ತೆ. ಇಡೀ ರಾತ್ರಿಯ ಆಟದಲ್ಲಿ ಮೊದಲು ಪೂರ್ವರಂಗ. ಕೋಡಂಗಿ, ಬಾಲಗೋಪಾಲರಾಗಿ ಬರೋದು ಹೊಸ ಹುಡುಗರು. ಆಗ ಹಾಡೋದು 'ಸಂಗೀತಗಾರ' ಅಂತ ಕರೆಯುವ ಕಲಿಯುವ ಭಾಗವತ. ಆಮೇಲೆ ಎರಡನೇ ಭಾಗವತರು. ಜನ ಕಾದು ಕೂತಿರುವ ಹೊತ್ತಿಗೆ ಪ್ರಧಾನ ಭಾಗವತರು. ಅಂದರೆ ಪ್ರತಿ ರಾತ್ರಿಯೂ ಒಂದೇ ರಂಗಸ್ಥಳದಲ್ಲಿ ಫಸ್ಟ್ ಇಯರ್, ಸೆಕೆಂಡ್ ಇಯರ್, ಫೈನಲ್ ಇಯರ್ ಮೂವರೂ ಹಾಡುತ್ತಾರೆ. ಮುಂದಿನವರನ್ನ ತಯಾರು ಮಾಡೋಕೆ ಬೇರೆ ಕಾರ್ಯಕ್ರಮ ಬೇಕಾಗಿಲ್ಲ.

ಮೂರನೆಯದು, ಎಲ್ಲರಿಗೂ ಒಂದೇ ವ್ಯಾಕರಣ. ಪ್ರಸಂಗದ ಪದಗಳು ಬರೆದಿಟ್ಟವು, ತಾಳ ಗೊತ್ತಿರುವಂಥದ್ದು, ಮಾತು ಮಾತ್ರ ಅಲ್ಲೇ ಹುಟ್ಟುವುದು. ಹಾಗಾಗಿ ಬೇರೆ ಮೇಳದ ಕಲಾವಿದ ಅತಿಥಿಯಾಗಿ ಬಂದು, ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಾ ನಾಲ್ಕು ಮಾತಾಡಿ, ಅದೇ ರಾತ್ರಿ ರಂಗಸ್ಥಳಕ್ಕೆ ಹೋಗಬಹುದು. ಪ್ಲಗ್ ಯಾವ ಕಂಪನಿಯದಾದರೂ ಸಾಕೆಟ್ ಒಂದೇ ಅಳತೆಯಲ್ಲಿದ್ದರೆ ಸಾಕು ಅನ್ನೋ ಹಾಗೆ.

ನಾಲ್ಕನೆಯದು, ಗುರು ಮೇಳಕ್ಕಿಂತ ದೊಡ್ಡವರು. ಉಪ್ಪೂರರ ಶಿಷ್ಯರಲ್ಲಿ ನಾವಡರು ಒಬ್ಬರಾದರೆ ಸುಬ್ರಹ್ಮಣ್ಯ ಧಾರೇಶ್ವರರು ಇನ್ನೊಬ್ಬರು. ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿದ್ದವರು ಭಾಗವತರಾಗಿ, ಪೆರ್ಡೂರು ಮೇಳದಲ್ಲಿ ದೊಡ್ಡ ಹೆಸರಾಗಿ, 2024ರಲ್ಲಿ ತೀರಿಕೊಂಡರು. ಒಬ್ಬ ಗುರುವಿನ ಪಾಠ ಒಂದೇ ಗುಂಪಿನಲ್ಲಿ ಬೀಗ ಹಾಕಿಕೊಂಡು ಕೂರಲಿಲ್ಲ. ಹೊನ್ನಾವರ ಕಡೆಯ ಕೆರೆಮನೆಯವರ ಇಡಗುಂಜಿ ಮೇಳವೂ ಇದಕ್ಕೆ ಸಾಕ್ಷಿ. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ್ದು, ಮಗ ಶಂಭು ಹೆಗಡೆಯವರ ಕೈಗೆ, ಅವರ ಮಗ ಶಿವಾನಂದ ಹೆಗಡೆಯವರ ಕೈಗೆ ಬಂದು 90 ವರ್ಷ ದಾಟಿದೆ.

ಐದನೆಯದು, ಹೆಸರು ಯಾರ ಮುಖದ್ದೂ ಅಲ್ಲ. ಹರಕೆ ಮೇಳದ ಹೆಸರು ಕ್ಷೇತ್ರದ್ದು. ಮೇಳದ ದೇವರೂ ಪೆಟ್ಟಿಗೆಯಲ್ಲಿ ಜೊತೆಗೇ ಊರೂರು ತಿರುಗಿ ಚೌಕಿಯಲ್ಲಿ ಪೂಜೆ ಪಡೆಯುತ್ತಾರೆ. ವೇಷಧಾರಿಯ ಮುಖವಂತೂ ಬಣ್ಣದ ಕೆಳಗೆ ಇರುತ್ತೆ. ಬಾಯ್ ಬ್ಯಾಂಡ್ ಮಾರುವುದೇ ಮುಖವನ್ನ. ಮುಖಕ್ಕೆ ಬದಲಿ ಭಾಗ ಸಿಗಲ್ಲ.

ಹಾಗಾದರೆ ಮೇಳವೇ ಸರಿ, ಬ್ಯಾಂಡ್ ತಪ್ಪಾ?

ಇಷ್ಟು ಬರೆದು ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತೆ. ಉಳಿಯುವುದು ಮೇಳ, ಸವೆಯುವುದು ಕಲಾವಿದ. ಆರು ತಿಂಗಳು ರಾತ್ರಿ ನಿದ್ದೆಯಿಲ್ಲ, ಹಗಲು ವ್ಯಾನಿನಲ್ಲಿ ಪ್ರಯಾಣ. ಮಳೆಗಾಲ ಬಂದರೆ ಬಹಳ ಜನರಿಗೆ ಬೇರೆ ದುಡಿಮೆ ಹುಡುಕಬೇಕು. ಸ್ಥಾನಕ್ಕೆ ಬದಲಿ ಆಳು ಸಿಗುತ್ತಾನೆ ಅನ್ನೋದು ಮೇಳಕ್ಕೆ ಧೈರ್ಯ. ಆದರೆ ಆ ಸ್ಥಾನದಲ್ಲಿ ಇರುವವನಿಗೆ ಅದೇ ಭಯ. "ನೀನಿಲ್ಲದಿದ್ದರೂ ನಡೆಯುತ್ತೆ" ಅನ್ನೋ ಮಾತು ಕೇಳೋಕೆ ಯಾರಿಗೂ ಹಿತವಲ್ಲ.

ಬ್ಯಾಂಡಿನ ಕಡೆಯೂ ನೋಡಿ. ವರ್ಷಕ್ಕೊಂದು ಆಲ್ಬಂ, ವರ್ಷಕ್ಕೊಂದು ಟೂರ್ ಅಂತ ಹದಿನಾರರ ಹುಡುಗರನ್ನ ಓಡಿಸಿದಾಗ, ಬದಲಿ ಇಲ್ಲ ಅನ್ನೋದೇ ಅವರ ಹೆಗಲ ಮೇಲಿನ ಭಾರವಾಯಿತು. ಒಬ್ಬ ಸುಸ್ತಾಗಿ ಕೂತರೆ ಇಡೀ ಯಂತ್ರ ನಿಲ್ಲುತ್ತೆ ಅಂದರೆ ಅವನು ಕೂರೋದು ಯಾವಾಗ? ಜೇನ್‌ಗೆ ಒಂದು ವರ್ಷ ರಜೆ ಕೊಟ್ಟು, ಮತ್ತೆ ಬಾ ಅನ್ನೋ ವ್ಯವಸ್ಥೆ ಅಲ್ಲಿ ಇರಲಿಲ್ಲ. ನಮ್ಮ ಮೇಳದಲ್ಲಿ ಒಂದು ತಿರುಗಾಟ ಬಿಟ್ಟು ಇನ್ನೊಂದಕ್ಕೆ ಬರೋದು ಸಾಮಾನ್ಯ.

ಕಾಲ ಬದಲಾದಂತೆ ಮೇಳವೂ ಕೆಲವು ಕಡೆ ಇಡೀ ರಾತ್ರಿ ಬಿಟ್ಟು ಕಾಲಮಿತಿಗೆ ಬಂದಿದೆ. ಆಟ ಮಧ್ಯರಾತ್ರಿಯ ಹೊತ್ತಿಗೆ ಮುಗಿದರೆ ನಾಳೆ ಕ್ಲಾಸಿಗೆ ಹೋಗೋ ನಮಗೂ ಅನುಕೂಲ, ಕಲಾವಿದರಿಗೂ ನಾಲ್ಕು ಗಂಟೆ ನಿದ್ದೆ. ಆದರೆ ಸಮಯ ಕಡಿಮೆಯಾದಾಗ ಕತ್ತರಿ ಮೊದಲು ಬೀಳುವುದು ಪೂರ್ವರಂಗದ ಮೇಲೆ, ಅಂದರೆ ಕಲಿಯುವ ಹುಡುಗರ ಮೇಲೆ. ನಮ್ಮ ಲೆಕ್ಕದಲ್ಲಿ ಏಳನ್ನ ಎಪ್ಪತ್ತೆಂಟು ಮಾಡಿದ್ದೇ ಆ ಹುಡುಗರು ಅನ್ನೋದು ನೆನಪಿರಲಿ.

ನಮ್ಮ ತಂಡಕ್ಕೆ ಇದರಿಂದ ಏನು?

ಮುಚ್ಚೋದು ಬೇಡ ಅನ್ನೋದು ನಮ್ಮ ಅಭಿಪ್ರಾಯ. ಆದರೆ ಈಗಿರೋ ಹಾಗೆ ಇಟ್ಟರೆ ಮತ್ತೆ ಮೂರು ವರ್ಷಕ್ಕೆ ಇದೇ ಮೀಟಿಂಗ್ ಮಾಡಬೇಕಾಗುತ್ತೆ. ಮೇಳದಿಂದ ನಾವು ಎರವಲು ತರಬಹುದಾದ್ದು ನಾಲ್ಕು.

1. ಪೋಸ್ಟರಿನಲ್ಲಿ ಗಾಯಕರ ಹೆಸರಿಗಿಂತ ಮೊದಲು ತಂಡದ ಹೆಸರು ಇರಲಿ. ಆ ಹೆಸರು ಕ್ಲಬ್ಬಿನದ್ದು, ಯಾವ ಬ್ಯಾಚಿನದ್ದೂ ಅಲ್ಲ.

2. ಪ್ರತಿ ಕಾರ್ಯಕ್ರಮದ ಮೊದಲ ಹದಿನೈದು ನಿಮಿಷ ಫಸ್ಟ್ ಇಯರ್‌ನವರಿಗೆ. ಶ್ರುತಿ ತಪ್ಪಿದರೆ ತಪ್ಪಲಿ, ಕೋಡಂಗಿಯ ಹೆಜ್ಜೆ ತಪ್ಪಿತು ಅಂತ ಆಟ ನಿಲ್ಲಿಸಿದವರಿಲ್ಲ. ನಮ್ಮ ಬ್ಯಾಚಿನಲ್ಲಿ ಚಂಡೆ ಬಾರಿಸುವ ಹುಡುಗಿ ಇದ್ದಾಳೆ, ಇನ್ನೂ ಒಂದು ಸಲವೂ ವೇದಿಕೆ ಸಿಕ್ಕಿಲ್ಲ. ಶುರು ಅವಳಿಂದಲೇ ಆಗಲಿ.

3. ಪ್ರತಿ ವಾದ್ಯಕ್ಕೂ ಇಬ್ಬರು. ಹಾಡುಗಳ ಶ್ರುತಿ, ತಾಳ, ಯಾರು ಯಾವಾಗ ಶುರು ಮಾಡಬೇಕು ಅನ್ನೋದನ್ನ ಒಂದು ಪುಸ್ತಕದಲ್ಲಿ ಬರೆದಿಡೋಣ. ಈಗ ಅದೆಲ್ಲ ಮೂವರು ಸೀನಿಯರ್‌ಗಳ ತಲೆಯಲ್ಲಿದೆ, ಜೂನಿಗೆ ಅವರ ಜೊತೆ ಬೆಂಗಳೂರಿಗೆ ಹೋಗುತ್ತೆ.

4. ಇಂಟರ್ನಲ್ಸ್, ಪ್ಲೇಸ್‌ಮೆಂಟ್, ಮನೆ ಕಷ್ಟ ಅಂತ ಒಬ್ಬರು ಒಂದು ಸೆಮಿಸ್ಟರ್ ಬಿಟ್ಟರೆ ಅವರ ಜಾಗ ಹೋಗಬಾರದು. ಮುಂದಿನ ತಿರುಗಾಟಕ್ಕೆ ಬಂದರೆ ಸಾಕು. ಇದು ಮೇಳದ ಒಳ್ಳೆಯ ಗುಣ, ಬ್ಯಾಂಡಿಗೆ ಇಲ್ಲದೆ ಹೋದದ್ದು.

ಇನ್ನು ಬ್ಯಾಂಡಿನಿಂದ ಕಲಿಯೋದು ಏನೂ ಇಲ್ಲವಾ? ಇದೆ. ಹೊರಗೆ ಹೋದ ರಾಬಿ ಹದಿನೈದು ವರ್ಷ ಬಿಟ್ಟು ಬಂದಾಗ ಟೇಕ್ ದ್ಯಾಟ್ ಬಾಗಿಲು ತೆರೆಯಿತು. ನಮ್ಮ ಸೀನಿಯರ್‌ಗಳಿಗೂ ಒಂದು ಕರೆ ಹೋಗಲಿ: ಪ್ರತಿ ರಾಜ್ಯೋತ್ಸವಕ್ಕೆ ಒಂದು ಹಾಡು ಅತಿಥಿ ಕಲಾವಿದರದ್ದು.

ಚರ್ಚೆಗೆ ಮೂರು ಪ್ರಶ್ನೆ

ಈ ಶನಿವಾರ ಕ್ಲಬ್ ರೂಮಿಗೆ ಬರುವಾಗ ಇವನ್ನ ಯೋಚಿಸಿಕೊಂಡು ಬನ್ನಿ. ಒಂದು: ನಿಮ್ಮೂರಿನ ಯಾವ ಗುಂಪು (ಭಜನಾ ಮಂಡಳಿ, ವಾಲಗ, ಆರ್ಕೆಸ್ಟ್ರಾ ಯಾವುದಾದರೂ) ಒಬ್ಬರು ಹೋದ ಮೇಲೂ ಉಳಿದಿದೆ, ಹೇಗೆ? ಎರಡು: ಒಂದು ಗುಂಪು ಉಳಿಯಲೇಬೇಕಾ? ಐದು ವರ್ಷ ಚೆನ್ನಾಗಿ ಹಾಡಿ ಮುಗಿದರೆ ತಪ್ಪೇನು? ಮೂರು: ನಮ್ಮ ಮೂವರು ಸೀನಿಯರ್‌ಗಳ ಸ್ಥಾನಕ್ಕೆ ಯಾರ್ಯಾರು? ಮೂರನೆಯದಕ್ಕೆ ಉತ್ತರವಾಗಿ ನಿಮ್ಮ ಹೆಸರನ್ನೇ ಬರೆದುಕೊಂಡು ಬಂದರೆ ನಮಗೆ ತುಂಬಾ ಖುಷಿ.